ಖಾಲಿ ಕಳಿಸಬಾರದ ಡಬ್ಬಿ

ಪಕ್ಕದ ಮನೆಯವರು ಕಳಿಸಿದ್ದ ಡಬ್ಬಿ ತೊಳೆದರೂ ಶೇಂಗಾ ಹೋಳಿಗೆಯ ವಾಸನೆ ಹೋಗಿರಲಿಲ್ಲ. ಅದನ್ನು ಖಾಲಿ ಹಿಂದಿರುಗಿಸುವುದು ಹೇಗೆ ಎನ್ನುವಾಗ ಗೋಕಾಕದ ನಮ್ಮ ಹಳೆಯ ಕಂಪ್ಯೂಟರ್ ನೆನಪಾಯಿತು.

ಊರೂರಿನ ಜನ ತಮ್ಮ ಕಂಪ್ಯೂಟರಿನ ಹಾಡುಗಳನ್ನು ಪರಸ್ಪರ ಹಂಚಿಕೊಳ್ಳುವ ಪ್ರೋಗ್ರಾಂ ಒಂದನ್ನು ಕಾಕಾ ಅದರಲ್ಲಿ ಹಾಕಿದ್ದರು. ನೀವೇನು ಹಂಚುತ್ತೀರಿ ಎಂದು ಅದು ಮೊದಲೇ ಕೇಳಿತು.

"ನಮ್ಮದೇನೂ ಬ್ಯಾಡ, ಬರೇ ತಗೊಳ್ಳೂಣು," ಎಂದರು ಕಾಕಾ.

ಆಯಿ, ಅಂದರೆ ನಮ್ಮ ಅಜ್ಜಿ, ಬಿಡಲಿಲ್ಲ. "ಮಂದಿ ಡಬ್ಬಿ ಖಾಲಿ ಕಳಸ್ತಾರೇನೋ? ನನ್ನ ಹಾಡ ಇಡು."

ಕಾಕಾ ಮೈಕ್ ಹಿಡಿದರು. ಆಯಿ ಜೋಳ ಬೀಸುವಾಗಿನ ಹಾಡು ಹಾಡಿದಳು. ಸಂಜೆಯೊಳಗೆ ಪರದೆಯ ಮೇಲೆ ಹಸಿರು ಗೆರೆ ಬೆಳೆಯತೊಡಗಿತು: ಎಲ್ಲಿಯವರೋ ಆ ಹಾಡು ಇಳಿಸಿಕೊಳ್ಳುತ್ತಿದ್ದರು.

"ಯಾರ ಮನಿಯವರೋ, ಊಟ ಆಗೇತೇನ ಕೇಳು," ಎಂದಳು ಆಯಿ.

ಈಗ ನಾನು ಪಕ್ಕದ ಮನೆಯವರ ಡಬ್ಬಿಗೆ ನಮ್ಮೂರ ಸಿಹಿ ಕರದಂಟು ತುಂಬಿದೆ. ಆ ಕಂಪ್ಯೂಟರ್ ಎಂದೋ ಕೆಟ್ಟಿತು, ಆಯಿಯ ದನಿ ನಮ್ಮಲ್ಲಿ ಉಳಿಯಲಿಲ್ಲ. ಆದರೆ ಯಾರದೋ ಮನೆಯಲ್ಲಿ ಅವಳು ಇನ್ನೂ ಹಾಡುತ್ತಲೇ ಇದ್ದಾಳೆ.