ಸುಣ್ಣದ ಗೆರೆ ಮತ್ತು ನನ್ನ ಎಡಗಣ್ಣು

ಮಾನ್ವಿಯಲ್ಲಿ ಹುಡುಗಿಯರ ಕಬಡ್ಡಿ ಫೈನಲ್. ನಾನು ದೇವದುರ್ಗದ ಶಾಲೆಯೊಂದರ ಆಟದ ಟೀಚರ್. ನಮ್ಮ ತಂಡ ಸೆಮಿಯಲ್ಲೇ ಮನೆದಾರಿ ಹಿಡಿದಿತ್ತು, ಹಾಗಾಗಿ ಫೈನಲ್‌ಗೆ ನನ್ನನ್ನು ಗೆರೆ ಕಾಯಲು ನಿಲ್ಲಿಸಿದ್ದರು. ಒಬ್ಬಳ ಕಾಲು ಗೆರೆ ದಾಟಿತಂತೆ. ಸುತ್ತ ನಿಂತವರೆಲ್ಲ "ಔಟ್!" ಎಂದು ಕೂಗಿದರು. ನಾನು ಸೀಟಿ ಊದಲಿಲ್ಲ. ಕಂಡಿದ್ದರೆ ತಾನೇ ಊದುವುದು! ಕೆಲವು ದಿನಗಳಿಂದ ಎಡಗಣ್ಣಿನಲ್ಲಿ ಮಿಂಚು ಹೊಡೆಯುತ್ತಿತ್ತು, ಕಪ್ಪು ನೊಣಗಳು ತೇಲುತ್ತಿದ್ದವು. ಬಿಸಿಲಿಗೆ ಪಿತ್ತ ಕೆರಳಿದೆ ಎಂದು ಮಜ್ಜಿಗೆ ಕುಡಿದು ಸುಮ್ಮನಿದ್ದೆ. ಈಗ ಬಲಗಣ್ಣು ಮುಚ್ಚಿ ನೋಡಿದರೆ ಅಂಕಣದ ಕೆಳಗಿನ ಅರ್ಧವೇ ಇಲ್ಲ, ಕರಿ ಪರದೆ ಎಳೆದಂತಿತ್ತು.

ಸೀಟಿಯನ್ನು ಇನ್ನೊಬ್ಬರ ಕೈಗಿತ್ತು ರಾಯಚೂರು ಬಸ್ಸು ಹತ್ತಿದೆ. ಶಕ್ತಿನಗರದಲ್ಲಿ ಕೆಲಸದಲ್ಲಿದ್ದ ನಮ್ಮ ಮನೆಯವರು ನೇರ ಆಸ್ಪತ್ರೆಗೇ ಬಂದರು. ಡಾಕ್ಟರ್ ಕಣ್ಣಿಗೆ ಹನಿ ಹಾಕಿ, ಹಣೆಗೆ ದೀಪ ಕಟ್ಟಿಕೊಂಡು, ರೆಪ್ಪೆಯ ಮೇಲೆ ಸಣ್ಣ ಕಡ್ಡಿಯಿಂದ ಒತ್ತಿ ಒತ್ತಿ ನೋಡಿದರು.

"ಕಣ್ಣಿನ ಹಿಂದಿನ ಪದರ ಹರದು ಬಿಚ್ಚಿಕೊಂಡದ ರೀ ಟೀಚರ್. ಗ್ವಾಡಿ ಸುಣ್ಣ ಎದ್ದಂಗ. ನಡುಭಾಗನೂ ಒಂಚೂರು ಎದ್ದದ. ನಾಳೇನ ಆಪರೇಷನ್ ಮಾಡೂಣು."

"ಮೊದಲಿನಂಗ ಕಾಣ್ತದೇನ್ರೀ?"

"ಕಾಣ್ತದ. ಆದ್ರ ನಡುಭಾಗ ಎದ್ದಿದ್ದಕ್ಕ ನೆಟ್ಟಗಿನ ಗೆರಿ ಡೊಂಕ ಕಂಡ್ರೂ ಕಾಣಬಹುದು."

ಬೇರೆ ಯಾರಿಗಾದರೂ ಅದು ಸಣ್ಣ ಮಾತು. ಗೆರೆ ನೋಡುವುದೇ ಕಸುಬಾದವಳಿಗೆ ಹಾಗಲ್ಲ.

ಮರುದಿನ ಕಣ್ಣಿನ ಸುತ್ತ ಸೂಜಿ ಚುಚ್ಚಿ ಮರಗಟ್ಟಿಸಿದರು. ಎಚ್ಚರವಿದ್ದೆ. ಹೆದರಬೇಕಿತ್ತು, ಆದರೆ ಒಳಗೆ ನಡೆಯುತ್ತಿದ್ದ ತಮಾಷೆ ನೋಡಿ ಹೆದರುವುದೇ ಮರೆತುಹೋಯಿತು! ಬೆಳಕಿನಲ್ಲಿ ಕಡ್ಡಿಯಂಥ ನೆರಳುಗಳು ಅತ್ತಿತ್ತ ಓಡಾಡಿದವು. ಒಳಗಿನ ಲೋಳೆ ತೆಗೆದು, ಪದರವನ್ನು ಹಿಂದಕ್ಕೆ ಕೂರಿಸಿ, ಹರಿದಲ್ಲಿ ಲೇಸರ್ ಹೊಡೆದು, ಅದನ್ನು ಒತ್ತಿ ಹಿಡಿಯಲು ಗಾಳಿಗುಳ್ಳೆ ತುಂಬಿದರು. ಗುಳ್ಳೆ ಮೇಲಕ್ಕೇ ಏರುತ್ತದಂತೆ, ಮುಖ ಕೆಳಗಿದ್ದರೆ ಹಿಂದಿನ ಪದರಕ್ಕೆ ಒತ್ತಿ ಕೂರುತ್ತದಂತೆ. ಅದಕ್ಕೆ ಒಂದು ವಾರ ಬೋರಲು ಮಲಗಬೇಕು.

ನನ್ನಂಥ ಕಾಲು ನಿಲ್ಲದವಳಿಗೆ ಇದೆಂಥ ಶಿಕ್ಷೆ! ದೇವದುರ್ಗದ ಮನೆಗೆ ಬಂದು ಮಂಚದಂಚಿಗೆ ಮುಖ ಇಳಿಬಿಟ್ಟು ಮಲಗಿದರೆ ಬಲಗಣ್ಣಿಗೆ ಕಾಣುವುದು ನೆಲವೊಂದೇ. ನಮ್ಮ ತಂಡದ ಹುಡುಗಿಯರು ನೋಡಲು ಬಂದು ಸಾಲಾಗಿ ನಿಂತರು. ಪಾದ ನೋಡಿಯೇ ಹೆಸರು ಹಿಡಿದು ಕರೆದೆ.

"ಹಿಮ್ಮಡಿ ಊರಿ ನಿಂತೀಯಲ್ಲ ಬೇ, ಹಿಂಗ ನಿಂತ್ರ ರೈಡಿಗೆ ಹೆಂಗ ಹೋಗ್ತಿ?"

"ಟೀಚರ್, ನೀವು ಆರಾಮ ತಗೋರ್ರಿ," ಎಂದು ನಮ್ಮ ಕ್ಯಾಪ್ಟನ್ ನಕ್ಕಳು. ಆಮೇಲೆ ದಿನಾ ಸಂಜೆ ಬಂದು, ನನ್ನ ಮೂಗಿನ ಕೆಳಗೇ ಹೆಜ್ಜೆ ಹಾಕಿ ತೋರಿಸಿ ಬೈಸಿಕೊಂಡು ಹೋಗುತ್ತಿದ್ದರು.

ವಾರ ಕಳೆದು ತಲೆ ಎತ್ತಿದಾಗ ಎಡಗಣ್ಣಿನಲ್ಲಿ ಮೇಲಿನಿಂದ ಬೆಳಕು ತೆರೆಯತೊಡಗಿತು. ಗುಳ್ಳೆಯ ಅಂಚು ಕೊಡದ ನೀರಿನಂತೆ ತುಳುಕುತ್ತ ದಿನಾ ಕೆಳಗಿಳಿಯಿತು, ಗೋಲಿಯಷ್ಟಾಯಿತು, ಒಂದು ಬೆಳಿಗ್ಗೆ ಇಲ್ಲವಾಯಿತು. ಅಲ್ಲಿಯವರೆಗೆ ಬಾಗಿಲಿನ ಚೌಕಟ್ಟನ್ನೂ ಒಂಟಿಗಣ್ಣಲ್ಲಿ ನೋಡುವ ಧೈರ್ಯ ಮಾಡಿರಲಿಲ್ಲ. ನೋಡಿದರೆ ಅಂಕಣದ ಗೆರೆಯನ್ನೇ ಮೊದಲು ನೋಡಬೇಕೆಂಬ ಹಟ. ಮನೆಯವರು "ತಡಿಯೇ, ಚಹಾ ಕುಡದು ಹೋಗು," ಎನ್ನುತ್ತಿದ್ದಂತೆ ಚಪ್ಪಲಿ ಮೆಟ್ಟಿ ಶಾಲೆಗೆ ನಡೆದೆ.

ನಾನು ಬರುವುದು ಕಂಡು ಹುಡುಗಿಯರು ಗಡಿಬಿಡಿಯಲ್ಲಿ ಸುಣ್ಣದ ಗೆರೆ ಹಾಕಿ ಮುಗಿಸಿದ್ದರು. ಗೆರೆಯ ತುದಿಯಲ್ಲಿ ನಿಂತು ಬಲಗಣ್ಣು ಮುಚ್ಚಿದೆ.

ಗೆರೆ ನಡುವಿನಲ್ಲಿ ಡೊಂಕು.

ಹಿಂದಕ್ಕೆ ಹೆಜ್ಜೆ ಇಟ್ಟು ಎಡವಿದೆ. ಕ್ಯಾಪ್ಟನ್ ಓಡಿಬಂದು ತೋಳು ಹಿಡಿದಳು. "ಏನಾತ್ರೀ ಟೀಚರ್?" ಹಾಗೇ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದೆ.

ಅದೇ ಜಾಗ. ಅದೇ ಡೊಂಕು.

"ಹಗ್ಗ ಹಿಡೀಲಾರದ ಗೆರಿ ಹಾಕೀರೇನ್ರೇ?" ಎಂದು ಕಿರುಚಿದೆ.

ಹುಡುಗಿಯರು ತಲೆ ತಗ್ಗಿಸಿದರು. ನಾನು ಕ್ಯಾಪ್ಟನ್ನನ್ನು ಬಾಚಿ ತಬ್ಬಿಕೊಂಡೆ, ನಗುತ್ತಲೇ ಅತ್ತೆ. ಅವಳು ಕಸಬರಿಗೆ ತಂದು ಗೆರೆ ಅಳಿಸಲು ಹೋದಳು. ನಾನು ಬಿಡಲಿಲ್ಲ. ಆ ದಿನ ಪೂರ್ತಿ ಆ ಡೊಂಕು ಗೆರೆಯ ಮೇಲೇ ಆಡಿಸಿದೆ.