ಮೂರನೆಯ ಹಾಳೆಯನ್ನು ಕಾಯ್ದವರು

ಭೂಮಿಯ ಸೆಳೆತ ಕಳೆದುಕೊಂಡ ಮೈಗೆ ಏನೇನಾಗುತ್ತದೆ ಎಂಬುದನ್ನು ಅರಿಯಲು ಬಾಳನ್ನೇ ಸವೆಸಿದ ವೈದ್ಯರ ಪಂಕ್ತಿಯಲ್ಲಿ ಡಾ. ಅರ್ಲೀನ್ ಪ್ರೂಯಿಟ್ ಅವರದು ಮುಂದಿನ ಸಾಲಿನ ಹೆಸರು. ತಿಂಗಳು ತಿಂಗಳಿಗೆ ಸವೆಯುವ ಮೂಳೆ, ತಲೆಗೇರಿ ಮುಖ ಊದಿಸುವ ರಕ್ತ, ಹಿಂಬದಿಯ ಒತ್ತಡಕ್ಕೆ ಹತ್ತಿರದ ಅಕ್ಷರವನ್ನೇ ಮಸುಕು ಮಾಡಿಕೊಳ್ಳುವ ಕಣ್ಣು - ಇವುಗಳ ಕುರಿತು ಅವರು ಬರೆದುದನ್ನು ನನಗಿಂತ ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ವಿವರಿಸಿದ್ದಾರೆ. ಹ್ಯೂಸ್ಟನ್ನಿನಲ್ಲಿ ಮೂವತ್ತೆಂಟು ವರ್ಷ ಗಗನಯಾತ್ರಿಗಳ ಆರೋಗ್ಯ ಕಾಯ್ದು ಈಗ ವಿರಮಿಸುತ್ತಿರುವ ಈ ಹಿರಿಯರ ಶಿಷ್ಯವರ್ಗದಲ್ಲಿ ಅತ್ಯಂತ ಕಿರಿಯಳಾದ ನಾನು ಹೇಳಬಲ್ಲದ್ದು ಒಂದೇ ಒಂದು ಹಾಳೆಯ ಕಥೆ. ಆ ಹಾಳೆಯ ಮೇಲಿದ್ದದ್ದು ನನ್ನ ತಂದೆಯ ಸಹಿ.

ಬೋಮಾಂಟ್ ಊರಿನ ಅಂಚೆಯವರೊಬ್ಬರ ಮಗಳು ಪ್ರೂಯಿಟ್. "ಬಾಗಿಲು ತೆಗೆದವರ ಮುಖ ಮೊದಲು ನೋಡು, ಕಾಗದ ಆಮೇಲೆ ಕೊಡು" ಎಂದು ಅವರ ತಂದೆ ಹೇಳುತ್ತಿದ್ದರಂತೆ. ಗಗನಕ್ಕೆ ಹಾರುವವರಿಗೆ ವೈದ್ಯರೆಂದರೆ ಹುಟ್ಟಾ ಅಪನಂಬಿಕೆ; ಡಾಕ್ಟರ ಕೋಣೆಗೆ ಎರಡು ಕಾಲಲ್ಲಿ ಹೋದವನು ಎರಡು ರೆಕ್ಕೆ ಕಳೆದುಕೊಂಡು ಬರುತ್ತಾನೆ ಎಂಬ ಕುಹಕ ನಮ್ಮಲ್ಲಿ ಹಳೆಯದು. ಅಂಥವರ ನಡುವೆ ಕರಿಯ ಹೆಣ್ಣುಮಗಳೊಬ್ಬಳು ಬಂದು ಕುಳಿತಾಗ ಎಷ್ಟು ಬಾಗಿಲು ಮುಚ್ಚಿದ್ದವೋ ಅವರು ಎಂದೂ ಲೆಕ್ಕ ಒಪ್ಪಿಸಿದವರಲ್ಲ. ಯಾತ್ರಿಗಳಿಗೆ ಕಳಿಸುವ ಪೊಟ್ಟಣದ ಊಟವನ್ನೇ ಒಂದು ವಾರ ತಾವೂ ತಿಂದು, "ಬಟಾಣಿ ಮಾತ್ರ ಮನುಷ್ಯರು ತಿನ್ನೋದಲ್ಲ ಕಣ್ರಯ್ಯ" ಎಂದು ಸಭೆಯಲ್ಲಿ ಹೇಳಿದರಂತೆ. ಅಂದಿನಿಂದ ಬಾಗಿಲುಗಳು ಒಂದೊಂದಾಗಿ ತೆರೆದವು.

ಹಾರುವ ಮುನ್ನ ಪ್ರತಿಯೊಬ್ಬ ಯಾತ್ರಿಯೂ ಹಾಳೆಗಳ ಒಂದು ಕಟ್ಟನ್ನು ತುಂಬಬೇಕು. ಮೊದಲನೆಯದು ಮೂಳೆಗೆ, ಎರಡನೆಯದು ಹಲ್ಲಿಗೆ ಸಂಬಂಧಿಸಿದ್ದು. ಮೂರನೆಯದರಲ್ಲಿ ಒಂದೇ ಪ್ರಶ್ನೆ: ನೀವು ಮೇಲಿರುವಾಗ ಮನೆಯಲ್ಲಿ ಸಾವಾದರೆ ತಕ್ಷಣ ತಿಳಿಸಬೇಕೇ, ಮರಳಿದ ಮೇಲೆ ತಿಳಿಸಬೇಕೇ? ಮೂರನೆಯ ಹಾಳೆಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಹಲ್ಲಿನ ಹಾಳೆಯಷ್ಟೇ ಬೇಗ ಅದನ್ನೂ ಮುಗಿಸಬೇಕು ಎಂಬುದು ನಮ್ಮವರ ರೂಢಿ. ನನ್ನ ತಂದೆ ಎಮಿಲ್ ಮಿಕೆಸ್ಕಾ ನಿಂತೇ ಗುರುತು ಹಾಕಿದರು: ಮರಳಿದ ಮೇಲೆ.

"ಅಮ್ಮನಿಗೆ ಎಂಬತ್ತೊಂದಲ್ವಾ ಎಮಿಲ್?" ಎಂದರಂತೆ ಪ್ರೂಯಿಟ್.

"ಅವಳಾ? ನಮ್ಮನ್ನೆಲ್ಲ ಹೂತು, ಬಂದವರಿಗೆ ಬಡಿಸಿ, ಪಾತ್ರೆ ತೊಳೆದಿಟ್ಟು ಆಮೇಲೆ ಹೋಗೋಳು ಡಾಕ್ಟ್ರೇ!"

ಇಬ್ಬರೂ ನಕ್ಕರು. ಆ ನಗೆಯೇ ತಮ್ಮ ವೃತ್ತಿಜೀವನದ ದೊಡ್ಡ ತಪ್ಪು ಎಂದು ಪ್ರೂಯಿಟ್ ಅವರು ನಮ್ಮ ಮೊದಲ ಪಾಠದಲ್ಲೇ ಹೇಳುತ್ತಾರೆ.

ಅಜ್ಜಿ ಹ್ಯೂಸ್ಟನ್ನಿನಿಂದ ಎರಡು ಗಂಟೆ ದಾರಿಯ ಶುಲೆನ್‌ಬರ್ಗಿನಲ್ಲಿದ್ದಳು. ಚೆಕ್ ನಾಡಿನ ಮೊರಾವಿಯಾದಿಂದ ಬಂದ ಅವಳ ಹಿರಿಯರು ಬಟ್ಟೆಬರೆಗಿಂತ ಹೆಚ್ಚಾಗಿ ಕಥೆಗಳನ್ನೇ ಹೊತ್ತು ತಂದಿದ್ದರೆಂದು ನಾನು ನಂಬಿದ್ದೆ. ತಂದೆ ಮೇಲಿದ್ದಾಗ ಪ್ರತಿ ಭಾನುವಾರ ಪರದೆಯ ಮೇಲೆ ನಾವು ಮಾತಾಡುತ್ತಿದ್ದೆವು. ಅಜ್ಜಿ ನಮ್ಮ ಮನೆಗೆ ಬಂದು ಕುಳಿತು ಮಗನಿಗೆ, ಮೊಮ್ಮಗಳಿಗೆ ಒಟ್ಟಿಗೆ ಕಥೆ ಹೇಳುತ್ತಿದ್ದಳು. ಆ ಬೇಸಿಗೆಯ ಕಥೆ ಕೆರೆಯ ತಳದಲ್ಲಿರುವ ನೀರುಮನುಷ್ಯನದು. ಮುಳುಗಿದವರ ಜೀವಗಳನ್ನು ಅವನು ಬಟ್ಟಲುಗಳ ಕೆಳಗೆ ಕವುಚಿಟ್ಟಿರುತ್ತಾನೆ; ಅವನ ಮನೆಗೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಒಂದೊಂದೇ ಬಟ್ಟಲನ್ನು ಎತ್ತಿ ಜೀವಗಳನ್ನು ಬಿಡಿಸತೊಡಗುತ್ತಾಳೆ. ಕಥೆ ಅರ್ಧಕ್ಕೆ ಬಂದಿತ್ತು. ಜೂನಿನ ಒಂದು ಮಂಗಳವಾರ ಬೆಳಗ್ಗೆ ಹಿಟ್ಟು ನಾದುತ್ತಿದ್ದ ಅಜ್ಜಿ ಅಡಿಗೆಮನೆಯಲ್ಲೇ ಕುಸಿದಳು. ಮತ್ತೆ ಏಳಲಿಲ್ಲ.

ಅಂದೇ ಪ್ರೂಯಿಟ್ ಅವರು ಮನೆಗೆ ಬಂದರು. ನನ್ನ ತಾಯಿ ಬಾಗಿಲಲ್ಲೇ ಸಿಡಿದರು: "ಅವರಿಗೆ ಹೇಳಿಬಿಡಿ. ಮುಚ್ಚಿಟ್ರೆ ನಾಳೆ ಅವರು ನನ್ನ ಮುಖ ನೋಡ್ತಾರಾ?"

"ಹಾಳೆ ನಿನ್ನದಲ್ಲ ತಾಯಿ, ನನ್ನದೂ ಅಲ್ಲ. ಅವನದು."

ಆಮೇಲೆ ಹತ್ತು ವರ್ಷದ ನನ್ನ ಮುಂದೆ ನೆಲದ ಮೇಲೆ ಕುಳಿತರು. "ಸುಳ್ಳು ಹೇಳು ಅಂತ ನಿನ್ನ ಕೇಳಲ್ಲ ಮಗೂ. ಹೇಳಬೇಡ ಅಂತ ಮಾತ್ರ ಕೇಳ್ತೀನಿ. ಎರಡಕ್ಕೂ ವ್ಯತ್ಯಾಸ ಇದೆ. ದೊಡ್ಡ ವ್ಯತ್ಯಾಸ ಅಂತ ಮಾತ್ರ ನಾನು ಹೇಳಲಾರೆ."

ಆ ಭಾನುವಾರ ತಂದೆ ಕೇಳಿದರು: "ಎಲ್ಲೇ ನಮ್ಮ ಕಥೆಗಾರ್ತಿ? ಚರ್ಚಿನ ಹೆಂಗಸರ ಜತೆ ಹರಟೇನಾ?"

ನಾನೆಂದೆ: "ಕಥೆ ನಾನೇ ಹೇಳ್ತೀನಪ್ಪ ಇವತ್ತು."

ಹೇಳಿದೆ. ಹನ್ನೊಂದು ಭಾನುವಾರ ಹೇಳಿದೆ. ಮುಗಿದರೆ ಅಜ್ಜಿಯನ್ನು ಕರೆಯಬೇಕಾದೀತೆಂಬ ಭಯಕ್ಕೆ ಪ್ರತಿ ವಾರವೂ ಕೆರೆಯ ತಳದಲ್ಲಿ ಹೊಸ ಬಟ್ಟಲುಗಳನ್ನು ಸೇರಿಸುತ್ತ ಹೋದೆ. ಕ್ಯಾಮರಾಕ್ಕೆ ಕಾಣದ ಕಡೆ, ಸಣ್ಣ ಮಣೆಯ ಮೇಲೆ ಪ್ರೂಯಿಟ್ ಅವರು ಕುಳಿತಿರುತ್ತಿದ್ದರು. ನಾನು ಕಥೆಯ ನಡುವೆ ಎಡವಿದಾಗ ನನ್ನ ಬರಿಗಾಲ ಹೆಬ್ಬೆರಳನ್ನು ಮೆಲ್ಲಗೆ ಹಿಡಿಯುತ್ತಿದ್ದರು. ಒಂದು ಭಾನುವಾರವೂ ತಪ್ಪಿಸಲಿಲ್ಲ.

ಗುರುವಾರಗಳಂದು ಯಾತ್ರಿಯೂ ವೈದ್ಯರೂ ಇಬ್ಬರೇ ಮಾತಾಡುವ ಪದ್ಧತಿ. ಅಲ್ಲಿ ನಡೆದದ್ದು ಹೊರಗೆ ಬರುವಂತಿಲ್ಲ. ತಂದೆಯವರೇ ಮುಂದೆ ಅನುಮತಿ ಕೊಟ್ಟದ್ದರಿಂದ ಬರೆಯುತ್ತಿದ್ದೇನೆ. ಅಜ್ಜಿ ಹೋದ ಮೇಲಿನ ಆರನೆಯ ಗುರುವಾರ ಅವರು ಕೇಳಿದರಂತೆ: "ಡಾಕ್ಟ್ರೇ, ಅಮ್ಮ ಆರಾಮಿದ್ದಾಳಾ?" ಹಾಳೆಯನ್ನು ಬದಲಿಸುತ್ತೀಯಾ ಎಂದು ಕೇಳಿದರೆ ಆ ಪ್ರಶ್ನೆಯೇ ಸುದ್ದಿ. ಆರಾಮು ಎಂದರೆ ಸುಳ್ಳು. ಪ್ರೂಯಿಟ್ ಅವರು ಕೇಳಿದ್ದು: "ಎಮಿಲ್, ನಿದ್ದೆ ಹೇಗ್ ಬರ್ತಿದೆ?"

ತಂದೆ ಒಂದೇ ಮಾತಿನಲ್ಲಿ ಮುಗಿಸಿದರಂತೆ: "ಪರವಾಗಿಲ್ಲ."

ಸೆಪ್ಟೆಂಬರಿನಲ್ಲಿ ಕಜಾಕಸ್ತಾನದ ಹುಲ್ಲುಬಯಲಿನಲ್ಲಿ ಅವರು ಇಳಿದಾಗ, ಕುತ್ತಿಗೆ ನಿಲ್ಲಿಸಲಾರದ ನನ್ನ ತಂದೆಯ ತಲೆಯನ್ನು ತಮ್ಮ ಅಂಗೈಯಲ್ಲಿ ಹಿಡಿದು, ಗುಡಾರದೊಳಗೆ, ಪ್ರೂಯಿಟ್ ಅವರೇ ಸಾವಿನ ಸುದ್ದಿ ಹೇಳಿದರು. "ಎಷ್ಟು ದಿನ ಆಯ್ತು?" "ಎಪ್ಪತ್ತೊಂಬತ್ತು." "ನೀವು ನಿದ್ದೆ ವಿಚಾರಿಸಿದ್ರಿ" ಎಂದು ತಂದೆ ಮುಖ ತಿರುಗಿಸಿದರು. ಅಂದಿನಿಂದ ಬೇರೆ ವೈದ್ಯರ ಬಳಿ ಹೋದರು. ಹತ್ತೊಂಬತ್ತು ವರ್ಷ, ಒಂದೇ ಕಟ್ಟಡದ ಒಂದೇ ಪಡಸಾಲೆಯಲ್ಲಿ, ತಲೆಯಾಡಿಸುವುದಷ್ಟೇ ಅವರಿಬ್ಬರ ನಡುವೆ ಉಳಿದದ್ದು. ಕಥೆ ಏನಾಯಿತೆಂದು ತಂದೆ ನನ್ನನ್ನೂ ಕೇಳಲಿಲ್ಲ.

ಆ ಪೆಟ್ಟಿನಿಂದ ಪ್ರೂಯಿಟ್ ಅವರು ಕಟ್ಟಿದ ಪದ್ಧತಿಯೇ ಇಂದು ನಮ್ಮೆಲ್ಲರ ಪದ್ಧತಿ. ಪ್ರತಿ ಗುರುವಾರ, ಮೇಲಿರುವ ಪ್ರತಿಯೊಬ್ಬರನ್ನೂ, ಸುದ್ದಿ ಇರಲಿ ಇಲ್ಲದಿರಲಿ, ಕೊನೆಯಲ್ಲಿ ಒಂದು ಮಾತು ಕೇಳುತ್ತೇವೆ: ಮೂರನೆಯ ಹಾಳೆ ಹಾಗೇ ಇರಲಾ? ಎಲ್ಲರನ್ನೂ ಎಲ್ಲ ವಾರವೂ ಕೇಳುವುದರಿಂದ ಪ್ರಶ್ನೆ ಏನನ್ನೂ ಬಿಟ್ಟುಕೊಡುವುದಿಲ್ಲ. "ಇರಲಿ" ಎನ್ನುವವರೇ ಹೆಚ್ಚು. "ಈ ಮುದುಕಿಗೆ ಬೇರೆ ಪ್ರಶ್ನೆ ಬರಲ್ವಾ" ಎಂದು ರೇಗಿಸುವವರೂ ಉಂಟು. ಆದರೆ ಬದಲಿಸಲು ಬಯಸಿದವನಿಗೆ ಈಗ ವಾರಕ್ಕೊಮ್ಮೆ ಬಾಗಿಲು ತೆರೆದಿರುತ್ತದೆ. ನನ್ನ ತಂದೆಗೆ ಆ ಬಾಗಿಲಿರಲಿಲ್ಲ.

ಕಳೆದ ಜನವರಿಯಲ್ಲಿ, ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಾಗ, ತಂದೆ ತಾವಾಗಿ ಹೇಳಿಕಳಿಸಿದರು. ಮಧ್ಯಾಹ್ನದ ಬಿಸಿಲಲ್ಲಿ ಪ್ರೂಯಿಟ್ ಅವರು ಬಂದು ಮಂಚದ ಪಕ್ಕ ಕುಳಿತರು.

"ವಾರಾ ವಾರಾ ಎಲ್ಲರನ್ನೂ ಏನೋ ಕೇಳ್ತೀರಂತೆ" ಎಂದರು ತಂದೆ. "ನನ್ನನ್ನ ಒಂದ್ಸಲವೂ ಕೇಳಲಿಲ್ಲ."

"ಎಮಿಲ್, ಮೂರನೆಯ ಹಾಳೆ ಹಾಗೇ ಇರಲಾ?"

"ಬೇಡ. ಹೇಳಿ."

ಚೀಲದಿಂದ ಅವರು ಮಡಿಕೆ ಸವೆದು ಬಟ್ಟೆಯಂತಾಗಿದ್ದ ಕಾಗದವೊಂದನ್ನು ತೆಗೆದರು. ಅಜ್ಜಿಯ ಮಣ್ಣಿಗೆ ಮಗನ ಬದಲು ತಾವು ಹೋಗಿ, ಕಂಡದ್ದನ್ನೆಲ್ಲ ಅಂದೇ ಬರೆದಿಟ್ಟಿದ್ದರು. ಯಾವಾಗ ಕೇಳುತ್ತಾನೋ ಎಂದು ಹತ್ತೊಂಬತ್ತು ವರ್ಷ ಜತೆಗೇ ಇಟ್ಟುಕೊಂಡಿದ್ದರು. ಯಾವ ಹಾಡು ಹಾಡಿದರು, ಎಂಥ ಗಾಳಿ ಬೀಸಿತ್ತು, ಆರು ಮಂದಿ ಹೊರಬೇಕಾದ ಪೆಟ್ಟಿಗೆಯನ್ನು ಮಗನ ಜಾಗ ಖಾಲಿ ಬಿಟ್ಟು ಐವರೇ ಹೊತ್ತದ್ದು, ಎಲ್ಲವನ್ನೂ ಓದಿದರು.

ತಂದೆ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಅಮ್ಮ ನಾದ್ತಿದ್ದ ಆ ಹಿಟ್ಟು ಏನಾಯ್ತು?"

"ಪಕ್ಕದ ಮನೆಯವರು ಗಸಗಸೆ ತುಂಬಿ ಕೊಲಾಚೆ ಬನ್ನು ಮಾಡಿದ್ರು. ಬಂದವರಿಗೆಲ್ಲ ಕೊಟ್ರು. ನಾನು ಎರಡು ತಿಂದೆ."

"ಎರಡೇನಾ? ಅಮ್ಮ ಇದ್ದಿದ್ರೆ ಬೈದಿರೋಳು."

ಆಮೇಲೆ ನನ್ನ ಕಡೆ ತಿರುಗಿ, "ಆ ಹುಡುಗಿ ಕೊನೇ ಬಟ್ಟಲು ಎತ್ತಿದ್ಲೇನೇ?" ಎಂದರು. ಎತ್ತಿದಳು ಎಂದೆ. ಹನ್ನೊಂದು ದಿನಗಳ ಅನಂತರ ತಂದೆ ತೀರಿಕೊಂಡರು. ಈ ಬಾರಿ ಪೆಟ್ಟಿಗೆಗೆ ಆರನೆಯ ಹೆಗಲು ಪ್ರೂಯಿಟ್ ಅವರದು.

ಮುಂದಿನ ತಿಂಗಳಿನಿಂದ ಗುರುವಾರದ ಆ ಕುರ್ಚಿಯಲ್ಲಿ ನಾನು ಕುಳಿತುಕೊಳ್ಳಬೇಕು. "ಸುದ್ದಿ ಇರೋ ದಿನಕ್ಕೂ ಇಲ್ಲದ ದಿನಕ್ಕೂ ಧ್ವನಿ ಒಂದೇ ಇರ್ಬೇಕು ಕಣೇ ಲಿಡಾ. ಅಷ್ಟೇ ವಿದ್ಯೆ" ಎನ್ನುತ್ತಾರೆ ಅವರು. ಆ ವಿದ್ಯೆ ನನಗಿನ್ನೂ ಒಲಿದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಅವರಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತೇನೆ. ಗ್ಯಾಲ್ವೆಸ್ಟನ್ನಿನ ಕಡಲ ಬದಿಯ ತಮ್ಮ ಮನೆಯಿಂದ ಅವರು "ಇರಲಿ" ಎಂದು ಉತ್ತರಿಸಿ, ನನ್ನ ಧ್ವನಿಗೆ ಅಂಕ ಕೊಡುತ್ತಾರೆ. ಅವರು ಬರೆಯಹೊರಟಿರುವ, ಕೆಟ್ಟ ಸುದ್ದಿಯನ್ನು ತಲುಪಿಸುವ ಬಗೆಯ ಪುಸ್ತಕ ಪೂರ್ಣಗೊಳ್ಳಲಿ. ಅವರ ಕಣ್ಣು, ಮೂಳೆ, ನಿದ್ದೆ ಚೆನ್ನಾಗಿರಲಿ ಎಂದು ಈ ಸಂಪುಟದ ಎಲ್ಲರೊಡನೆ ನಾನೂ ಹಾರೈಸುತ್ತೇನೆ. ಕಳೆದ ಗುರುವಾರ ಅವರೆಂದರು: "ಕೊನೇಲಿ ನಡುಗ್ತು. ಮುಂದಿನ ವಾರ ಮತ್ತೆ ಕೇಳು." ಅಂಥ ಮುಂದಿನ ವಾರಗಳು ಅವರಿಗೆ ಬಹಳ ಬಹಳ ಬರಲಿ. ಧ್ವನಿ ಸರಿಹೋಗಲು ನನಗೇನೂ ಅವಸರವಿಲ್ಲ.