ಎಲ್ಲ ಓಣಿಗಳ ನೀರು

ನಮ್ಮ ಪಿ.ಟಿ. ಮಾಸ್ತರರ ಬಲಗಾಲಿನ ಹಿಮ್ಮಡಿ ನೆಲಕ್ಕೆ ಊರುತ್ತಲೇ ಇರಲಿಲ್ಲ. ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತರೆ ಹೊಲಿಗೆ ಯಂತ್ರ ತುಳಿಯುವವರಂತೆ ಕಾಲು ಕುಣಿಸುತ್ತಿದ್ದರು. ಪಕ್ಕದಲ್ಲಿದ್ದ ನನ್ನ ಚಹಾ ಬಸಿಗೆ ಚೆಲ್ಲುತ್ತಿತ್ತು. “ಸರ, ಒಂದ ಕಡೆ ಸುಮ್ನ ಕುಂದರ್ರಿ” ಎಂದು ರೇಗಿದರೆ, “ಕುಂತ್ರ ಕೆಲಸ ಆಗಂಗಿಲ್ಲರಿ ಅಕ್ಕಾರ” ಎನ್ನುತ್ತ ಎದ್ದೇ ಬಿಡುತ್ತಿದ್ದರು.

ಆ ವರ್ಷ ಅವರ ಚಡಪಡಿಕೆ ಹೆಚ್ಚಿತ್ತು. ಮುಧೋಳ ಸೀಮೆಯ ನಮ್ಮೂರ ಬೇಡರು, ಕುಂಪಣಿ ಸರಕಾರಕ್ಕೆ ಆಯುಧ ಒಪ್ಪಿಸುವುದಿಲ್ಲವೆಂದು ಬಂಡೆದ್ದು ನೂರೈವತ್ತು ವರ್ಷ ತುಂಬುತ್ತಿತ್ತು. ಕುಂಪಣಿಯವರು ಆಗ ಓಣಿಗೆ ಬೆಂಕಿ ಹಚ್ಚಿ, ಸಿಕ್ಕವರನ್ನು ಗಲ್ಲಿಗೇರಿಸಿದ್ದರು. ಅದರ ನೆನಪನ್ನು ಇಡೀ ಊರು ಕೂಡಿ ಮಾಡಬೇಕು, ಒಂದು ಮನೆಯೂ ಹೊರಗುಳಿಯಬಾರದು ಎಂಬುದು ಮಾಸ್ತರರ ಹಟ. ಹಟದ ಕಾರಣ ಊರಿಗೆಲ್ಲ ಗೊತ್ತಿತ್ತು, ಎದುರಿಗೆ ಯಾರೂ ಆಡುತ್ತಿರಲಿಲ್ಲ. ಕುಂಪಣಿಯ ಕುದುರೆಗಳಿಗೆ ದಾರಿ ತೋರಿಸಿದವನು ಅವರ ಮನೆತನದ ಹಿರಿಯ. ಅಂದಿನಿಂದ ಬೇಡರ ಓಣಿಯವರು ಆ ಮನೆಯ ನೀರು ಮುಟ್ಟಿರಲಿಲ್ಲ.

ಆಮಂತ್ರಣ ಪತ್ರಿಕೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಯಾರ ಹೆಸರು ಮೇಲೆ, ಯಾರು ಸ್ಟೇಜಿನ ಮೇಲೆ ಎಂದು ಓಣಿ ಓಣಿಗೂ ತಕರಾರು. ಬರೆದು ಹರಿದು ನನಗೆ ಸಾಕುಸಾಕಾಯಿತು. ಕೊನೆಗೆ ಮಾಸ್ತರರೇ, “ಸ್ಟೇಜೂ ಬ್ಯಾಡ, ಹಾರಾನೂ ಬ್ಯಾಡ. ದೀವಟಿಗಿ ಹಿಡದು ಊರೆಲ್ಲ ತಿರಗೂಣು. ಮನಿಮನಿಯವ್ರು ಅದಕ್ಕ ಎಣ್ಣಿ ಹಾಕಲಿ” ಎಂದರು. ಗೌಡರು ಒಪ್ಪಿದರು, ಮಸೀದಿ ಓಣಿ ಒಪ್ಪಿತು, ಕೇರಿಯವರು ಒಪ್ಪಿದರು. ಅಣೆಕಟ್ಟಿನ ಹಿನ್ನೀರು ತಮ್ಮ ಊರು ನುಂಗಿದ ಮೇಲೆ ಇಲ್ಲಿಗೆ ಬಂದು ನೆಲೆಸಿದವರೂ ಹೂಂ ಅಂದರು.

ಬೇಡರ ಓಣಿಗೆ ನಾವಿಬ್ಬರೂ ಹೋದೆವು. ಗಲ್ಲಿಗೇರಿದವರ ಮನೆತನದ ಮುದುಕಿ ಆಯಿ ಎಲ್ಲವನ್ನೂ ಕೇಳಿಸಿಕೊಂಡು, “ಬೆಂಕಿ ಹಚ್ಚಿದ ದಿನಾನ ಮತ್ತ ಬೆಂಕಿ ಹಿಡಕೊಂಡ ನಮ್ಮ ಓಣಿಗೆ ಬರ್ತೀಯೇನೋ ಮಾಸ್ತರ?” ಎಂದಳು.

ಮಾಸ್ತರರ ಮುಖ ಸುಣ್ಣವಾಯಿತು. “ಮತ್ತೇನ ತರೂಣಬೇ ಆಯಿ?”

“ನೀರ ತರ್ರಿ. ಅವತ್ತ ಯಾರೂ ತರಲಿಲ್ಲ.”

ನೆನಪಿನ ದಿನ ಮನೆಗೊಂದು ತಂಬಿಗೆಯಂತೆ ಊರಿಗೆ ಊರೇ ನೀರು ತಂದು, ಬೇಡರ ಓಣಿಯ ಕಟ್ಟೆಯ ಮೇಲಿಟ್ಟ ಹಂಡೆಗೆ ಸುರಿಯಿತು. ಎಲ್ಲರೂ ಅದರಿಂದಲೇ ಕುಡಿಯುವುದೆಂದು ಮಾತಾಗಿತ್ತು. ಮಾಸ್ತರರು ಮಾತ್ರ ತಮ್ಮ ತಂಬಿಗೆ ಹಿಡಿದುಕೊಂಡೇ ಸಾಲು ಸರಿಪಡಿಸುತ್ತ, ಹುಡುಗರನ್ನು ಗದರಿಸುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ಸರ, ನಿಮ್ದೊಂದ ಉಳೀತು ನೋಡ್ರಿ” ಎಂದೆ.

ಅವರು ಹತ್ತಿರ ಬರುತ್ತಲೇ ಓಣಿಯ ತರುಣನೊಬ್ಬ ಹಂಡೆಯ ಮೇಲೆ ಕೈ ಅಡ್ಡ ಹಿಡಿದ. “ಈ ಮನೀದ ಬ್ಯಾಡ.”

ಮಾಸ್ತರರು ಆಯಿಯ ಕಡೆ ತಿರುಗಿದರು. “ಆಯಿ, ಕುದರಿಗೋಳಿಗೆ ದಾರಿ ತೋರಿಸಿದಾಂವ ನಮ್ಮ ಮನಿಯಾಂವ.”

“ನಮಗ ಗೊತ್ತಿಲ್ಲೇನೋ? ನಿಮ್ಮ ಬಾಯಿಲೆ ಬರಬೇಕಾಗಿತ್ತು.” ಆಯಿ ತಂಬಿಗೆ ಇಸಿದುಕೊಂಡು, ಎತ್ತಿ ಗಟಗಟ ಕುಡಿದು, ಉಳಿದದ್ದನ್ನು ಹಂಡೆಗೆ ಸುರಿದಳು. ಆ ತರುಣ ಕೈ ತೆಗೆದಿದ್ದ.

ಮಾಸ್ತರರು ತೀರಿಕೊಂಡು ಬಹಳ ವರ್ಷಗಳಾದವು. ಎಲ್ಲರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಆಡದಿರುವುದೇ ಮರ್ಯಾದೆ ಎಂದುಕೊಂಡಿದ್ದವಳು ನಾನು. ಆ ಭ್ರಮೆ ಬಿಡಿಸಿದವರು ಅವರು. ನೀರು ಸುರಿದ ಆ ಸಂಜೆ ಮನೆಗೆ ನಡೆಯುವಾಗ ಅವರು ಅಂದರು: “ನಮ್ಮಪ್ಪ ಇರಬೇಕಾಗಿತ್ತರಿ ಅಕ್ಕಾರ. ಈ ಓಣಿ ದಾಟೂಮುಂದ ಅಂವ ಒಮ್ಮಿನೂ ತಲಿ ಎತ್ತಲಿಲ್ಲ.”